ಎರಡೇ ಮಕ್ಕಳಿದ್ದರೂ ಬೋರ್ ಯಾಕೆ ಬತ್ತಿತು?

ಪ್ರಶ್ನೆ: ಯಾದಗಿರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ನಾನು ಎನ್‌ಎಸ್‌ಎಸ್ ಘಟಕದ ಹೊಣೆ ಹೊತ್ತಿದ್ದೇನೆ. ಈ ವರ್ಷದ ವಿಶೇಷ ಶಿಬಿರಕ್ಕೆ ‘ಜನಸಂಖ್ಯಾ ಸ್ಫೋಟ ಮತ್ತು ಪರಿಸರ ಸಂರಕ್ಷಣೆ’ ಎಂಬ ವಿಷಯವನ್ನು ಆರಿಸಿಕೊಂಡು, ದತ್ತು ಗ್ರಾಮದಲ್ಲಿ ಜಾಥಾ, ಬೀದಿನಾಟಕ, ಗೋಡೆಬರಹ ನಡೆಸಬೇಕೆಂದಿದ್ದೇವೆ. ಪೂರ್ವಭಾವಿ ಸಭೆಯಲ್ಲಿ ಹಿರಿಯ ಮಹಿಳೆಯೊಬ್ಬರು, ‘ನನ್ನ ಮಗಗೂ ಎರಡೇ ಮಕ್ಕಳು, ಮಗಳಿಗೂ ಎರಡೇ. ಆದ್ರೂ ನಮ್ಮ ಬೋರ್ ಯಾಕ ಬತ್ತೈತ್ರೀ ಸರ?’ ಎಂದು ಕೇಳಿದರು. ಯಾರಿಗೂ ಉತ್ತರ ಹೊಳೆಯಲಿಲ್ಲ. ಒಂದು ಸಮುದಾಯದವರಿಂದಲೇ ಜನಸಂಖ್ಯೆ ಏರುತ್ತಿದೆ ಎಂಬ ಮಾತೂ ಅದೇ ಸಭೆಯಲ್ಲಿ ಬಂತು. ಶಿಬಿರವನ್ನು ಹೇಗೆ ರೂಪಿಸಿದರೆ ಉಪಯೋಗವಾದೀತು?

ಉತ್ತರ: ಆ ಹಿರಿಯರ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿದ್ಧವಾಗುವವರೆಗೆ ಗೋಡೆಬರಹದ ಬಣ್ಣ ಕೊಳ್ಳಬೇಡಿ ಎಂಬುದು ನನ್ನ ಮೊದಲ ಸಲಹೆ. ನಮ್ಮ ಹಳ್ಳಿಗಳಲ್ಲಿ ಜನಸಂಖ್ಯೆಯ ಬಗ್ಗೆ ಇಂದು ನಡೆಯುವ ಬಹುಪಾಲು ಪ್ರಚಾರವು ಐವತ್ತು ವರ್ಷಗಳ ಹಿಂದಿನ ಪರಿಸ್ಥಿತಿಗೆಂದು ಬರೆದ ಭಾಷಣವನ್ನೇ ಈಗಿನವರ ಮುಂದೆ ಓದುತ್ತಿದೆ. ಕೇಳುವವರಿಗೆ ಅದು ತಮ್ಮ ಮನೆಯ ಕಥೆಯಲ್ಲ ಎಂಬುದು ಮೊದಲ ವಾಕ್ಯದಲ್ಲಿಯೇ ತಿಳಿದುಬಿಡುತ್ತದೆ.

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 1.7. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ಸರಿಯಾಗಿ ತುಂಬಬೇಕಾದರೆ ಒಬ್ಬ ಮಹಿಳೆಗೆ ಸರಾಸರಿ 2.1 ಮಕ್ಕಳು ಬೇಕು ಎಂದು ಲೆಕ್ಕ ಹಾಕಲಾಗುತ್ತದೆ. ನಮ್ಮ ರಾಜ್ಯ ಆ ಗಡಿಯನ್ನು ದಾಟಿ ಕೆಳಗಿಳಿದು ಬಹಳ ಕಾಲವಾಯಿತು, ಇಡೀ ದೇಶದ ದರವೂ ಅದೇ ಸಮೀಕ್ಷೆಯಲ್ಲಿ 2.0ಕ್ಕೆ ಬಂದಿತ್ತು. ನಿಮ್ಮ ಜಿಲ್ಲೆ ರಾಜ್ಯದ ಸರಾಸರಿಯಂತಿಲ್ಲ ಎಂಬುದು ನಿಜ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಸುಮಾರು ಶೇ 16ರಷ್ಟು ಹೆಚ್ಚಿದರೆ ಯಾದಗಿರಿಯದು ಸುಮಾರು ಶೇ 23ರಷ್ಟು ಹೆಚ್ಚಿತು, ಮತ್ತು ಅದೇ ಜನಗಣತಿಯಲ್ಲಿ ಜಿಲ್ಲೆಯ ಮಹಿಳೆಯರ ಸಾಕ್ಷರತೆ ಶೇ 41ರ ಆಸುಪಾಸಿನಲ್ಲಿತ್ತು. ಈ ಎರಡು ಅಂಕಿಗಳನ್ನು ಒಟ್ಟಿಗೇ ಓದಬೇಕು. ಇದೇ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆ ಸುಮಾರು ಶೇ 47ರಷ್ಟು ಬೆಳೆಯಿತು. ಅಲ್ಲಿನ ತಾಯಂದಿರು ಹೆಚ್ಚು ಹೆತ್ತದ್ದರಿಂದ ಹಾಗಾಗಲಿಲ್ಲ, ನಿಮ್ಮ ಶಹಾಪುರ, ಸುರಪುರಗಳಿಂದ ಹೊರಟವರನ್ನೂ ಸೇರಿಸಿಕೊಂಡು ಊರೂರುಗಳಿಂದ ಜನ ಅಲ್ಲಿಗೆ ಹೋದದ್ದರಿಂದ ಆಯಿತು. ಚಿಕ್ಕಮಗಳೂರಿನಲ್ಲಿ ಜನಸಂಖ್ಯೆ ತುಸು ಇಳಿಯಿತು ಕೂಡ. ಜನರ ಸಂಖ್ಯೆ ಮತ್ತು ಪರಿಸರದ ಮೇಲಿನ ಒತ್ತಡ ಎಂದಾಗ ಹೆರಿಗೆಯೊಂದನ್ನೇ ಕಣ್ಣಮುಂದೆ ಇಟ್ಟುಕೊಳ್ಳುವ ಅಭ್ಯಾಸದಿಂದ ನಾವು ವಲಸೆಯನ್ನು ಮರೆಯುತ್ತೇವೆ.

ಹಾಗಾದರೆ ಜನಸಂಖ್ಯೆಯ ಪ್ರಶ್ನೆ ಮುಗಿದುಹೋಯಿತೇ? ಮುಗಿದಿಲ್ಲ. ಪ್ರತಿ ಮನೆಯಲ್ಲಿ ಎರಡೇ ಮಕ್ಕಳಾದರೂ, ಹಿಂದಿನ ದಶಕಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿ ಹುಟ್ಟಿದವರು ಈಗ ತಾಯ್ತಂದೆಯರಾಗುವ ವಯಸ್ಸಿನಲ್ಲಿರುವುದರಿಂದ ಒಟ್ಟು ಜನಸಂಖ್ಯೆ ಇನ್ನೂ ಕೆಲವು ದಶಕ ಏರುತ್ತಲೇ ಹೋಗುತ್ತದೆ. ಭಾರತದ ಜನಸಂಖ್ಯೆ 2060ರ ದಶಕದಲ್ಲಿ ಸುಮಾರು 170 ಕೋಟಿಗೆ ತಲುಪಿ ಅನಂತರ ಇಳಿಯತೊಡಗುತ್ತದೆ ಎಂಬುದು ವಿಶ್ವಸಂಸ್ಥೆಯ ಅಂದಾಜು. ಈ ಏರಿಕೆಯ ವೇಗವನ್ನು ತಗ್ಗಿಸುವ ದಾರಿ ಮಕ್ಕಳ ಸಂಖ್ಯೆಯನ್ನು ಇನ್ನಷ್ಟು ಕಡಿತಗೊಳಿಸುವುದರಲ್ಲಿ ಅಷ್ಟಾಗಿ ಇಲ್ಲ. ಮೊದಲ ಮಗು ಯಾವ ವಯಸ್ಸಿನಲ್ಲಿ ಹುಟ್ಟುತ್ತದೆ ಎಂಬುದರಲ್ಲಿದೆ. ಹದಿನೆಂಟಕ್ಕೆ ತಾಯಿಯಾಗುವ ಮನೆತನದಲ್ಲಿ ನೂರು ವರ್ಷಕ್ಕೆ ಐದಕ್ಕಿಂತ ಹೆಚ್ಚು ತಲೆಮಾರುಗಳಾಗುತ್ತವೆ, ಇಪ್ಪತ್ತೈದಕ್ಕೆ ತಾಯಿಯಾಗುವ ಮನೆತನದಲ್ಲಿ ನಾಲ್ಕು. ಎರಡೂ ಮನೆಗಳಲ್ಲಿ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಇಬ್ಬರೇ ಮಕ್ಕಳಿದ್ದರೂ ಏಕಕಾಲಕ್ಕೆ ಬದುಕಿರುವವರ ಸಂಖ್ಯೆಯಲ್ಲಿ ವ್ಯತ್ಯಾಸ ಬರುವುದು ಹೀಗೆ.

ಇನ್ನು ಬೋರ್‌ವೆಲ್ಲಿನ ವಿಷಯ. ಆ ತಾಯಿಗೆ ಹೇಳಬೇಕಾದ ಉತ್ತರವನ್ನು ನಿಮ್ಮ ವಿದ್ಯಾರ್ಥಿಗಳು ಲೆಕ್ಕದಲ್ಲಿಯೇ ತೋರಿಸಬಹುದು. ಜಲಜೀವನ ಯೋಜನೆಯ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದರೆ ಐದು ಜನರ ಮನೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ನೀರು ಬೇಕು. ಒಂದು ಎಕರೆ ಭತ್ತದ ಗದ್ದೆಗೆ ಒಂದು ಬೆಳೆಗೆ 1,200 ಮಿಲಿಮೀಟರ್ ನೀರು ನಿಲ್ಲಿಸಿದರೆ ಅದು ಸುಮಾರು 48 ಲಕ್ಷ ಲೀಟರ್ ಆಗುತ್ತದೆ, ಅಂದರೆ ನಲವತ್ತೆಂಟು ಮನೆಗಳ ವರ್ಷದ ನೀರು. ಇದರಲ್ಲಿ ಒಂದು ಪಾಲು ಮತ್ತೆ ನೆಲಕ್ಕೆ ಇಂಗುತ್ತದೆ ಎಂಬುದನ್ನು ಒಪ್ಪಿಕೊಂಡರೂ ಪ್ರಮಾಣದ ಅಂತರ ಕಣ್ಣಿಗೆ ಹೊಡೆಯುವಂತೆಯೇ ಇರುತ್ತದೆ. ದೇಶದಲ್ಲಿ ನೆಲದಿಂದ ಎತ್ತುವ ನೀರಿನಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಹೋಗುವುದು ಬೇಸಾಯಕ್ಕೆ. ಆದ್ದರಿಂದ ಆ ಮನೆಯಲ್ಲಿ ನಾಲ್ಕು ಮೊಮ್ಮಕ್ಕಳಿದ್ದಾರೋ ಎಂಟು ಮಂದಿ ಇದ್ದಾರೋ ಎಂಬುದಕ್ಕಿಂತ, ಸುತ್ತಲಿನ ಹೊಲಗಳಲ್ಲಿ ಯಾವ ಬೆಳೆ ನಿಂತಿದೆ, ಎಷ್ಟು ಕೊಳವೆಬಾವಿ ಎಷ್ಟು ಆಳಕ್ಕಿಳಿದಿವೆ, ಊರ ಕೆರೆಯ ಹೂಳನ್ನು ಕೊನೆಯ ಬಾರಿ ಎತ್ತಿದ್ದು ಯಾವಾಗ ಎಂಬುದೇ ಬೋರ್ ಬತ್ತುವುದನ್ನು ನಿರ್ಧರಿಸುತ್ತದೆ. ನಿಮ್ಮ ದತ್ತು ಗ್ರಾಮ ನಾರಾಯಣಪುರ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿದ್ದರೆ ಕಥೆ ಇನ್ನೊಂದು ತಿರುವು ಪಡೆಯುತ್ತದೆ: ಹೆಚ್ಚು ನೀರು ಬೇಡದ ಬೆಳೆಗಳಿಗೆಂದು ಯೋಜಿಸಿದ್ದ ಕಾಲುವೆಯಲ್ಲಿ ಮೇಲಿನವರು ಭತ್ತ ಹಾಕಿದಾಗ ಕೊನೆಯಂಚಿನ ಹೊಲಗಳಿಗೆ ನೀರು ತಲುಪುವುದಿಲ್ಲ, ಮೇಲಿನ ಹೊಲಗಳೋ ಜವುಳು ಹಿಡಿಯುತ್ತವೆ. ಇದು ಹಂಚಿಕೆಯ ಸಮಸ್ಯೆ. ಇದನ್ನು ಜನಸಂಖ್ಯೆಯ ಸಮಸ್ಯೆ ಎಂದು ಹೇಳಿ ಬಡ ತಾಯಂದಿರ ಮೇಲೆ ಹೊರಿಸುವುದು ವಿಜ್ಞಾನವಾಗದು, ಮತ್ತು ಹಳ್ಳಿಯವರು ಅದನ್ನು ನಂಬುವುದೂ ಇಲ್ಲ. ಜಗತ್ತಿನ ಮಟ್ಟದಲ್ಲಿಯೂ ಹೀಗೆಯೇ. ಅಮೆರಿಕದ ಒಬ್ಬ ನಿವಾಸಿಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ ಸರಾಸರಿ ಭಾರತೀಯನ ಪಾಲು 2 ಟನ್ನಿನ ಸುತ್ತಮುತ್ತ. ಗುಳೆ ಹೋಗುವ ಕುಟುಂಬದ ಪಾಲು ಅದಕ್ಕಿಂತಲೂ ಬಹಳ ಕಡಿಮೆ.

ಸಭೆಯಲ್ಲಿ ಬಂದ ಸಮುದಾಯದ ಮಾತಿಗೆ ಉದ್ದ ಚರ್ಚೆ ಬೇಕಿಲ್ಲ. 1992–93ರ ಮೊದಲ ಕುಟುಂಬ ಆರೋಗ್ಯ ಸಮೀಕ್ಷೆಯಿಂದ 2019–21ರ ಐದನೆಯದರ ತನಕ ಹಿಂದೂಗಳ ಫಲವಂತಿಕೆ ದರ 3.3ರಿಂದ 1.9ಕ್ಕೆ, ಮುಸ್ಲಿಮರದು 4.4ರಿಂದ 2.4ಕ್ಕೆ ಇಳಿದಿದೆ. ಇಳಿಕೆ ಎರಡೂ ಕಡೆ ಇದೆ, ಮುಸ್ಲಿಮರಲ್ಲಿ ಇಳಿದ ಪ್ರಮಾಣವೇ ಹೆಚ್ಚು. ಉಳಿದಿರುವ ಅಂತರದ ಬಹುಪಾಲು ಹೆಣ್ಣುಮಕ್ಕಳ ಓದು, ಬಡತನ, ಆಸ್ಪತ್ರೆಯ ದೂರಗಳ ಜೊತೆ ಹೋಗುತ್ತದೆ. ಶಿಬಿರದಲ್ಲಿ ಈ ಮಾತು ಮತ್ತೆ ಎದ್ದರೆ ಈ ನಾಲ್ಕು ಅಂಕಿಗಳನ್ನು ಹೇಳಿ ಮುಂದಿನ ವಿಷಯಕ್ಕೆ ಹೋಗುವಂತೆ ವಿದ್ಯಾರ್ಥಿಗಳನ್ನು ಮೊದಲೇ ಸಿದ್ಧಪಡಿಸಿ. ವಾದಕ್ಕಿಳಿದರೆ ಆ ದಿನ ಅಲ್ಲಿಯೇ ಕಳೆಯುತ್ತದೆ.

ನಿಮ್ಮ ಜಿಲ್ಲೆಯಲ್ಲಿ ಪರಿಸರಕ್ಕೂ ಜನಸಂಖ್ಯೆಗೂ ಇರುವ ನಿಜವಾದ ನಂಟು ಪೋಸ್ಟರುಗಳಲ್ಲಿ ಬರೆಯುವುದಕ್ಕೆ ತಿರುವುಮುರುವಾಗಿದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಶಿಬಿರವನ್ನು ಅದರ ಮೇಲೆಯೇ ಕಟ್ಟಬೇಕೆಂದು ಸೂಚಿಸುತ್ತೇನೆ. ಮಳೆ ಕೈಕೊಟ್ಟು ತೊಗರಿಯೋ ಹತ್ತಿಯೋ ಹೋದ ವರ್ಷ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತವೆ. ಮನೆಯಲ್ಲಿ ಹದಿನೈದು, ಹದಿನಾರರ ಮಗಳಿದ್ದರೆ ಅವಳನ್ನು ಅಜ್ಜಿಯ ಬಳಿ ಬಿಡಲು ಭಯ, ತಗಡಿನ ಶೆಡ್ಡಿಗೆ ಕರೆದೊಯ್ಯಲು ಇನ್ನೂ ಹೆಚ್ಚು ಭಯ. ಹೊರಡುವ ಮೊದಲು ‘ಒಂದು ಮಾಡಿ ಕೈತೊಳೆದುಕೊಳ್ಳುವುದು’ ತಾಯ್ತಂದೆಯರಿಗೆ ಸುರಕ್ಷಿತ ದಾರಿಯಾಗಿ ಕಾಣುತ್ತದೆ. ಕರ್ನಾಟಕದಲ್ಲಿ 20–24 ವಯಸ್ಸಿನ ಮಹಿಳೆಯರಲ್ಲಿ ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರೆಂದು ಐದನೇ ಸಮೀಕ್ಷೆ ಹೇಳುತ್ತದೆ, ಮತ್ತು ನಾಲ್ಕನೆಯದಕ್ಕೆ ಹೋಲಿಸಿದರೆ ಈ ಪ್ರಮಾಣ ಇಳಿದಿಲ್ಲವೆಂದೇ ಹೇಳಬೇಕು. ಫಲವಂತಿಕೆ ಇಳಿಯುತ್ತಿದ್ದಾಗಲೂ ಮದುವೆಯ ವಯಸ್ಸು ಏರದೆ ನಿಂತಿರುವುದು ನಮ್ಮ ರಾಜ್ಯದ ವಿಚಿತ್ರ. ಬೇಗ ಮದುವೆ, ಒಂದರ ಬೆನ್ನಿಗೆ ಇನ್ನೊಂದು ಮಗು, ಇಪ್ಪತ್ತೈದರ ಆಸುಪಾಸಿನಲ್ಲಿ ಆಪರೇಷನ್ ಎಂಬ ಸರಣಿಯಲ್ಲಿ ‘ಚಿಕ್ಕ ಕುಟುಂಬ’ದ ಗುರಿ ತಲುಪಿದಂತೆ ಕಾಗದದಲ್ಲಿ ಕಾಣುತ್ತದೆ; ಆದರೆ ಆ ಹುಡುಗಿಯ ಶಾಲೆ, ರಕ್ತ, ಎಲುಬುಗಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ರಾಜ್ಯದಲ್ಲಿ ಹೆರಿಗೆಯ ವಯಸ್ಸಿನ ಮಹಿಳೆಯರ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ.

ಆದುದರಿಂದ ಕೆರೆಯ ಹೂಳೆತ್ತುವುದು, ಬದು ನಿರ್ಮಾಣ, ಕೃಷಿಹೊಂಡ, ಬೇಸಿಗೆಯಲ್ಲಿ ಊರಲ್ಲಿಯೇ ಸಿಗುವ ಉದ್ಯೋಗ ಖಾತರಿಯ ಕೂಲಿ, ಗುಳೆ ಹೋದವರ ಮಕ್ಕಳು ಊರಲ್ಲಿ ಉಳಿದು ಓದಲು ಬೇಕಾದ ಹಾಸ್ಟೆಲ್, ಇವೆಲ್ಲ ಪರಿಸರದ ಕೆಲಸಗಳೂ ಹೌದು, ಜನಸಂಖ್ಯೆಯ ಕೆಲಸಗಳೂ ಹೌದು. ಎಂಟನೆಯ ಅಥವಾ ಹತ್ತನೆಯ ತರಗತಿಯ ನಂತರ ಶಾಲೆ ಬಿಟ್ಟ ಹುಡುಗಿಯರು ಯಾರು, ಏಕೆ ಬಿಟ್ಟರು ಎಂಬುದನ್ನು ಶಿಬಿರದ ಮೊದಲ ಎರಡು ದಿನಗಳಲ್ಲಿ ಅಂಗನವಾಡಿ ಕಾರ್ಯಕರ್ತೆ ಮತ್ತು ಶಾಲೆಯ ಮುಖ್ಯೋಪಾಧ್ಯಾಯರ ಜೊತೆ ಕೂತು ತಿಳಿದುಕೊಳ್ಳಿ. ಬಸ್ ಇಲ್ಲದಿರುವುದು, ಶೌಚಾಲಯಕ್ಕೆ ನೀರಿಲ್ಲದಿರುವುದು, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲದಿರುವುದು ಇಂಥ ಕಾರಣಗಳೇ ಹೆಚ್ಚಾಗಿ ಬರುತ್ತವೆ, ಮತ್ತು ಅವುಗಳಲ್ಲಿ ಕೆಲವನ್ನಾದರೂ ಗ್ರಾಮ ಪಂಚಾಯಿತಿ ಬಗೆಹರಿಸಬಲ್ಲದು. ಕಾನೂನಿನ ಮಾಹಿತಿಯೂ ಇರಲಿ: ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಆರಂಭದಿಂದಲೇ ಅಸಿಂಧು, ಮಕ್ಕಳ ಸಹಾಯವಾಣಿ 1098. ಆದರೆ ಕೇಸಿನ ಹೆದರಿಕೆಯೊಂದನ್ನೇ ಮುಂದೊಡ್ಡಿದರೆ ಮದುವೆ ನಿಲ್ಲುವುದಿಲ್ಲ, ಬೇರೆ ಊರಿನ ಗುಡಿಯಲ್ಲಿ ರಾತ್ರೋರಾತ್ರಿ ನಡೆಯುತ್ತದೆ ಎಂಬುದು ಇಲಾಖೆಯವರಿಗೂ ಗೊತ್ತು.

ಹೊರಗಿನಿಂದ ಬಂದವರು ಮಕ್ಕಳ ಸಂಖ್ಯೆ ಕೇಳಿದೊಡನೆ ಹಳ್ಳಿಯವರು ಬಾಗಿಲೆಳೆದುಕೊಳ್ಳುವುದಕ್ಕೆ ಚರಿತ್ರೆಯಲ್ಲಿ ಕಾರಣಗಳಿವೆ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. ಜಗತ್ತಿನಲ್ಲಿ ಒಂದು ಸರ್ಕಾರ ಹಾಗೆ ಮಾಡಿದ್ದು ಅದೇ ಮೊದಲೆಂದು ದಾಖಲಾಗಿದೆ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಗರ್ಭ ನಿಲ್ಲದ ದಿನಗಳನ್ನು ಎಣಿಸುವ ವಿಧಾನವನ್ನು ಕಲಿಸಲು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ಕಲಿಯುವ ಆಸಕ್ತಿಯನ್ನು ಬಹುಪಾಲು ದಂಪತಿಗಳು ತೋರಿದ್ದರು, ಕೊನೆಗೆ ಪಾಲಿಸಿದವರು ಕೆಲವರೇ. ಜನಕ್ಕೆ ಮನಸ್ಸಿರಲಿಲ್ಲ ಎಂದು ಇದನ್ನು ಓದುವುದು ತಪ್ಪು. ಮನಸ್ಸಿತ್ತು, ಕೊಟ್ಟ ವಿಧಾನ ಅವರ ಬದುಕಿಗೆ ಒಗ್ಗಲಿಲ್ಲ. ಅದಾದ ಮೇಲೆ ಬಂದದ್ದು ಇಷ್ಟು ಆಪರೇಷನ್ ಆಗಲೇಬೇಕೆಂಬ ಗುರಿ ನಿಗದಿಯ ಕಾಲ. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳಾದವು, ಅವುಗಳಲ್ಲಿ ಹೆಚ್ಚಿನವು ಗಂಡಸರಿಗೆ, ಅನೇಕವು ಬಲವಂತದಿಂದ. ಆ ಭಯದ ನೆರಳಿನಲ್ಲಿ ಗಂಡಸರ ಆಪರೇಷನ್ ಕುಸಿದು, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ಮಾಡಿ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತ ಮೇಲೆ, ಇಂಥ ಸಾಮೂಹಿಕ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ಶಿಬಿರ’ ನಡೆಸುವ ನೀವು ಇದನ್ನು ನೆನಪಿನಲ್ಲಿಡಬೇಕು. ನಿಮ್ಮ ಬ್ಯಾನರ್ ನೋಡಿದವರು ಯಾವ ಶಿಬಿರವೆಂದು ಭಾವಿಸುತ್ತಾರೆ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿ.

ಈ ಚರಿತ್ರೆಯ ಫಲ ಇಂದಿನ ಅಂಕಿಗಳಲ್ಲಿದೆ. ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರ ಶೇ 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ, ಗಂಡಸರ ಪಾಲು ಸೊನ್ನೆಯ ಹತ್ತಿರ. ಮಕ್ಕಳ ನಡುವೆ ಅಂತರ ಕಾಯ್ದುಕೊಳ್ಳುವ ವಿಧಾನಗಳನ್ನು ಬಳಸುವವರು ತೀರಾ ಕಡಿಮೆ. ಮೂರು ತಿಂಗಳಿಗೊಮ್ಮೆ ಹಾಕುವ ‘ಅಂತರಾ’ ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ, ಬಳಿಕ ವಾರಕ್ಕೊಮ್ಮೆ ನುಂಗುವ ‘ಛಾಯಾ’ ಮಾತ್ರೆ, ಐದು ಅಥವಾ ಹತ್ತು ವರ್ಷ ಕೆಲಸ ಮಾಡುವ ಕಾಪರ್-ಟಿ, ಅಂದರೆ ಹಳ್ಳಿಯವರು ಹೇಳುವ ವಂಕಿ, ಇವೆಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಇವುಗಳ ಬಗ್ಗೆ ಹೇಳುವಾಗ ತೊಂದರೆಗಳನ್ನೂ ಹೇಳಬೇಕು. ಅಂತರಾ ತೆಗೆದುಕೊಂಡ ಮೇಲೆ ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು, ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯಬಹುದು. ಇದನ್ನು ಮೊದಲೇ ಕೇಳಿಸಿಕೊಂಡವಳು ಎರಡನೆಯ ಡೋಸಿಗೆ ಬರುತ್ತಾಳೆ, ಕೇಳಿಸಿಕೊಳ್ಳದವಳು ಹೆದರಿ ಬಿಟ್ಟುಬಿಡುತ್ತಾಳೆ ಮತ್ತು ಅವಳ ಮಾತು ಕೇಳಿ ಓಣಿಯೇ ಬಿಟ್ಟುಬಿಡುತ್ತದೆ. ವೈದ್ಯಕೀಯ ಸಲಹೆ ಕೊಡುವುದು ವಿದ್ಯಾರ್ಥಿಗಳ ಕೆಲಸವಲ್ಲ. ಸಿಸ್ಟರ್ ಮತ್ತು ಆಶಾ ಮಾತಾಡಲಿ, ವಿದ್ಯಾರ್ಥಿಗಳು ಜನ ಸೇರುವಂತೆ ನೋಡಿಕೊಳ್ಳಲಿ.

ಪರಿಸರ ಮತ್ತು ಕುಟುಂಬ ಯೋಜನೆಯನ್ನು ಜೋಡಿಸಿ ಕೆಲಸ ಮಾಡಿದವರ ಅನುಭವದಿಂದ ಒಂದು ಉದಾಹರಣೆ ಕೊಡುತ್ತೇನೆ. ಮಡಗಾಸ್ಕರ್ ದ್ವೀಪದ ನೈಋತ್ಯ ಕರಾವಳಿಯ ವೆಲೊಂಡ್ರಿಯಾಕೆ ಪ್ರದೇಶದಲ್ಲಿ ವೆಝೊ ಮೀನುಗಾರರೊಡನೆ ‘ಬ್ಲೂ ವೆಂಚರ್ಸ್’ ಎಂಬ ಸಂಸ್ಥೆ ಸಾಗರ ಸಂರಕ್ಷಣೆಯ ಕೆಲಸ ಮಾಡುತ್ತಿತ್ತು. 2004ರಲ್ಲಿ ಅಲ್ಲಿನವರೇ ಒಪ್ಪಿ ಆಕ್ಟೋಪಸ್ ಹಿಡಿಯುವ ಒಂದು ಜಾಗವನ್ನು ಕೆಲವು ತಿಂಗಳು ಮುಚ್ಚಿದರು. ತೆರೆದಾಗ ಹೆಚ್ಚು ತೂಕದ ಆಕ್ಟೋಪಸ್ ಸಿಕ್ಕವು, ಅಕ್ಕಪಕ್ಕದ ಊರುಗಳೂ ಅನುಸರಿಸಿದವು. ಕುಟುಂಬ ಯೋಜನೆಯ ಕ್ಲಿನಿಕ್ ಆರಂಭವಾದದ್ದು ಅನಂತರ, 2007ರಲ್ಲಿ, ಹತ್ತಿರದಲ್ಲಿ ಅಂಥ ಸೇವೆಯೇ ಇಲ್ಲವೆಂದು ಅಲ್ಲಿನ ಹೆಂಗಸರ ಅಗತ್ಯ ಕಂಡ ಮೇಲೆ. ಮೀನು ಕಡಿಮೆಯಾಗಿದೆ, ಆದ್ದರಿಂದ ಮಕ್ಕಳನ್ನು ಕಡಿಮೆ ಮಾಡಿ ಎಂದು ಅವರಿಗೆ ಬೋಧಿಸಿ ಅದನ್ನು ತೆರೆಯಲಿಲ್ಲ. ಈ ಅನುಕ್ರಮವನ್ನು ಗಮನಿಸಿ: ಮೊದಲು ಕಣ್ಣಿಗೆ ಕಾಣುವ ಲಾಭ, ಆಮೇಲೆ ಕೇಳಿದ ಸೇವೆ. ನಿಮ್ಮಲ್ಲಿ ಆಕ್ಟೋಪಸ್ ಇಲ್ಲದಿದ್ದರೂ ಕೆರೆಯಿದೆ.

ಶಿಬಿರದ ರೂಪಕ್ಕೆ ಬರುತ್ತೇನೆ. ‘ಸ್ಫೋಟ’ ಎಂಬ ಪದವನ್ನು ಬ್ಯಾನರಿನಿಂದ ತೆಗೆದು ‘ನಮ್ಮೂರ ನೀರು, ನಮ್ಮ ಮಕ್ಕಳ ಓದು’ ಎಂಬಂಥದ್ದನ್ನು ಹಾಕಿ. ಕುಡುಕ ಗಂಡ, ಸಾಲಾಗಿ ನಿಂತ ಎಂಟು ಮಕ್ಕಳು, ಅಳುವ ಹೆಂಡತಿಯ ಬೀದಿನಾಟಕವನ್ನು ದಯವಿಟ್ಟು ಕೈಬಿಡಿ. ಪ್ರೇಕ್ಷಕರಲ್ಲಿ ನಾಲ್ಕೋ ಐದೋ ಮಕ್ಕಳಿರುವ ತಾಯಿ ಕೂತಿರುತ್ತಾಳೆ, ಅವಳನ್ನು ನಗೆಪಾಟಲು ಮಾಡಿದ ಮೇಲೆ ಅವಳು ಆರೋಗ್ಯ ಉಪಕೇಂದ್ರದ ಕಡೆ ತಲೆಹಾಕುವುದಿಲ್ಲ. ನಾಟಕವೇ ಬೇಕಿದ್ದರೆ ಗುಳೆ ಹೊರಡುವ ಹಿಂದಿನ ರಾತ್ರಿ ಮಗಳನ್ನು ಏನು ಮಾಡುವುದೆಂದು ಗಂಡ ಹೆಂಡತಿ ಮಾತಾಡುವ ದೃಶ್ಯವನ್ನು ಆಡಿ, ತೀರ್ಮಾನಕ್ಕೆ ಮುಂಚೆ ನಿಲ್ಲಿಸಿ, ನೆರೆದವರನ್ನು ಕೇಳಿ. ಗಂಡಸರ ಸಭೆಯನ್ನು ಸಂಜೆ ಕಟ್ಟೆಯ ಮೇಲೆ ಬೇರೆಯಾಗಿ, ಹೆಂಗಸರದನ್ನು ಸಂಘದ ವಾರದ ಸಭೆಯ ದಿನವೇ ನಡೆಸಿ. ಗಂಡಸರ ಸಭೆಯಲ್ಲಿ ಗಾಯ, ಹೊಲಿಗೆಯಿಲ್ಲದ ಪುರುಷರ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯಾಧಿಕಾರಿ ಮಾತಾಡಲಿ: ಅದರಿಂದ ಶಕ್ತಿ ಕುಂದುವುದಿಲ್ಲ, ಆದರೆ ಮೊದಲ ಮೂರು ತಿಂಗಳು ಬೇರೆ ವಿಧಾನ ಬಳಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದನ್ನು ಗಂಡಸಿನ ಬಾಯಿಂದಲೇ ಗಂಡಸರು ಕೇಳಬೇಕು. ಮನೆಮನೆ ಸಮೀಕ್ಷೆಯಲ್ಲಿ ಯಾವ ವಿಧಾನ ಬಳಸುತ್ತೀರಿ ಎಂದು ಹುಡುಗ ಹುಡುಗಿಯರ ಗುಂಪು ಹೊಸ್ತಿಲಲ್ಲಿ ನಿಂತು ಕೇಳುವುದು ಸಲ್ಲದು. ಅದನ್ನು ಕೇಳಲೇಬೇಡಿ, ಕೊಳವೆಬಾವಿಯ ಆಳ, ಬೆಳೆ, ನೀರಿನ ಮೂಲ, ಶಾಲೆ ಬಿಟ್ಟವರ ವಿವರ ಸಾಕು. ಫೋಟೋ ತೆಗೆಯುವ ಉತ್ಸಾಹವನ್ನೂ ಹಿಡಿತದಲ್ಲಿಡಿ.

ದಿನಾಂಕದ ಬಗ್ಗೆ ಇನ್ನೊಂದು ಮಾತು. ಕಾಲೇಜಿನ ಅನುಕೂಲಕ್ಕೆಂದು ಜನವರಿ, ಫೆಬ್ರವರಿಯಲ್ಲಿ ಶಿಬಿರ ಮಾಡಿದರೆ ನೀವು ಮಾತಾಡಬೇಕಾದವರಲ್ಲಿ ಅರ್ಧ ಮಂದಿ ಊರಲ್ಲಿಯೇ ಇರುವುದಿಲ್ಲ. ಊರ ಜಾತ್ರೆಗೋ ಮೊಹರಂಗೋ ಯುಗಾದಿಗೋ ಗುಳೆ ಹೋದವರು ಮರಳುವ ವಾರಕ್ಕೆ ಹೊಂದಿಸಲು ಸಾಧ್ಯವೇ ನೋಡಿ. ಆಗದಿದ್ದರೆ ಆ ವಾರ ಒಂದು ದಿನವಾದರೂ ಹೋಗಿ ಬನ್ನಿ.

ಕೊನೆಯ ದಿನ ಪ್ರತಿಜ್ಞಾವಿಧಿಯ ಬದಲು, ಸಂಗ್ರಹಿಸಿದ ನೀರಿನ ಲೆಕ್ಕವನ್ನು ದೊಡ್ಡ ಹಾಳೆಯಲ್ಲಿ ಬರೆದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ, ಅದರ ಪ್ರತಿಯೊಂದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಗೆ ಕೊಟ್ಟು, ಮುಂದಿನ ಗ್ರಾಮಸಭೆಯಲ್ಲಿ ಹೂಳೆತ್ತುವ ಕೆಲಸವನ್ನೂ ಹುಡುಗಿಯರ ಬಸ್ಸಿನ ಬೇಡಿಕೆಯನ್ನೂ ಕ್ರಿಯಾಯೋಜನೆಗೆ ಸೇರಿಸಲು ಅರ್ಜಿ ಹಾಕಿಸಿ. ಮೂರು ತಿಂಗಳ ನಂತರ ಮರುಭೇಟಿ ಇಟ್ಟುಕೊಳ್ಳಿ. ಜಾಥಾದಲ್ಲಿ ಎಷ್ಟು ಜನ ಇದ್ದರು ಎಂಬ ವರದಿಗೆ ಬೆಲೆಯಿಲ್ಲ. ಅಂದು ಕೇಳಬೇಕಾದ್ದು ಮೂರೇ: ಉಪಕೇಂದ್ರದಲ್ಲಿ ಅಂತರಾ, ಛಾಯಾ ದಾಸ್ತಾನು ಇದೆಯೇ ಮತ್ತು ಮೊದಲ ಡೋಸ್ ತೆಗೆದುಕೊಂಡವರು ಎರಡನೆಯದಕ್ಕೆ ಬಂದರೇ, ಶಾಲೆ ಬಿಟ್ಟ ಹುಡುಗಿಯರಲ್ಲಿ ಎಷ್ಟು ಮಂದಿ ಮರಳಿದರು, ಗ್ರಾಮಸಭೆಯ ನಡಾವಳಿಯಲ್ಲಿ ಕೆರೆಯ ಕೆಲಸ ಬರೆಯಲಾಗಿದೆಯೇ. ದಾಸ್ತಾನು ಇಲ್ಲವೆಂದಾದರೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಕಾಲೇಜಿನ ಪತ್ರ ಆ ದಿನವೇ ಹೋಗಲಿ.